ಒಳಗೋಡೆಯ ತೇವದ ಕಲೆ: ಬಣ್ಣಕ್ಕೆ ಮುಂಚಿನ ಕೆಲಸ

ಬಣ್ಣ ನೀರನ್ನು ತಡೆಯುವುದಿಲ್ಲ. ಒಳಗಿನಿಂದ ತೇವ ಬರುತ್ತಲೇ ಇದ್ದರೆ ಎಷ್ಟೇ ದುಬಾರಿ ಎಮಲ್ಷನ್ ಬಳಿದರೂ ಗುಳ್ಳೆ ಎದ್ದು ಉದುರುತ್ತದೆ. ಆದ್ದರಿಂದ ಮೊದಲು ನೀರಿನ ಮೂಲ ಹುಡುಕಬೇಕು.

ಕಲೆ ಇರುವ ಜಾಗವೇ ಅರ್ಧ ಉತ್ತರ ಹೇಳುತ್ತದೆ. ಛಾವಣಿಗೆ ಹತ್ತಿರವಿದ್ದು ಮಳೆಗಾಲದಲ್ಲಿ ಹೆಚ್ಚಾದರೆ ತಾರಸಿ ಅಥವಾ ಪ್ಯಾರಾಪೆಟ್ ಬಿರುಕು ನೋಡಿ. ಬಚ್ಚಲುಮನೆಯ ಹಿಂಬದಿಯಲ್ಲಿದ್ದು ಬೇಸಿಗೆಯಲ್ಲೂ ಆರದಿದ್ದರೆ ಪೈಪು ಇಲ್ಲವೇ ಟೈಲ್ಸ್ ಸಂದು. ನೆಲದಿಂದ ಮೇಲಕ್ಕೆ ಹೆಚ್ಚುಕಡಿಮೆ 1 ಮೀಟರ್ ಒಳಗೆ ಪಟ್ಟಿಯಂತೆ ಹಬ್ಬಿದ್ದರೆ ತಳಪಾಯದಿಂದ ಏರುವ ತೇವ. ಡಿಪಿಸಿ (ತಳಪಾಯದ ತೇವ ಗೋಡೆಗೆ ಏರದಂತೆ ತಡೆಯುವ ಪದರ) ಹಾಕದ ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ಬೀರುವಿನ ಹಿಂದೆ ಬರೀ ಕಪ್ಪು ಬೂಷ್ಟು ಇದ್ದರೆ ಬಹುಪಾಲು ಗಾಳಿಯಾಡದ್ದೇ ಕಾರಣ.

ಅನುಮಾನವಿದ್ದರೆ ಸಡಿಲ ಬಣ್ಣ ಕೆರೆದು, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ 24 ಗಂಟೆ ಬಿಡಿ. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದರೆ ತೇವ ಗೋಡೆಯೊಳಗಿನದು, ಹೊರಮೈಯಲ್ಲಾದರೆ ಕೋಣೆಯ ಗಾಳಿಯದು. ಸೋರಿಕೆ ಸರಿಪಡಿಸಿ ವಾರಗಳು ಕಳೆದ ಮೇಲೂ ಇದೇ ಪರೀಕ್ಷೆ ಮಾಡಿ. ಒಳಮೈ ಒಣಗಿಯೇ ಇದ್ದರೆ ಮಾತ್ರ ಮುಂದುವರಿಯಿರಿ. ದಪ್ಪ ಗೋಡೆ ಆರಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಇಲ್ಲಿ ಅವಸರ ಸಲ್ಲ.

ಹೆಚ್ಚಿನವರು ಎಡವುವುದು ಉಪ್ಪಿನ ವಿಷಯದಲ್ಲಿ. ನೀರು ಆವಿಯಾದಾಗ ಇಟ್ಟಿಗೆ, ಸಿಮೆಂಟಿನಲ್ಲಿದ್ದ ಲವಣ ಬಿಳಿ ನಾರಿನಂತೆ ಮೇಲೆ ಬರುತ್ತದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕರಗಿ ಮತ್ತೆ ಒಳಗಿಳಿಯುತ್ತದೆ. ಒಣ ಬ್ರಷ್‌ನಿಂದಲೇ ಉಜ್ಜಿ, ಪುಡಿಯನ್ನು ಗುಡಿಸಿ ಹೊರಹಾಕಿ. ಮತ್ತೆ ಬಂದರೆ ಮತ್ತೆ ಉಜ್ಜಿ. ಬೆರಳಲ್ಲಿ ಕೆರೆದರೆ ಗಾರೆ ಮರಳಾಗಿ ಉದುರಿದರೆ, ಕಲೆಯ ಅಂಚಿನಿಂದ ಒಂದಡಿ ಆಚೆಯವರೆಗೂ ಕಿತ್ತು ಹೊಸದಾಗಿ ಪ್ಲಾಸ್ಟರ್ ಮಾಡಿಸಿ. ಅದರ ಮೇಲೆ ಬಣ್ಣಕ್ಕೆ ಕನಿಷ್ಠ 28 ದಿನ ಕಾಯಬೇಕು.

ಬೂಷ್ಟನ್ನು ನೀರು ಬೆರೆಸಿದ ಬ್ಲೀಚ್‌ನಿಂದ ತೊಳೆದು ಒಣಗಿಸಿ. ಬ್ಲೀಚ್ ಜೊತೆ ಆ್ಯಸಿಡ್ ಎಂದೂ ಸೇರಿಸಬೇಡಿ, ವಿಷಾನಿಲ ಏಳುತ್ತದೆ.

ಗೋಡೆ ನುಣುಪಾಗಿಸಲು ಬಳಿಯುವ ಪುಟ್ಟಿ ಬಿಳಿ ಸಿಮೆಂಟಿನದೇ ಇರಲಿ. ಅಕ್ರಿಲಿಕ್ ಪುಟ್ಟಿ ತೇವ ತಗುಲಿದರೆ ಮೆತ್ತಗಾಗುತ್ತದೆ. 1 ಕೆ.ಜಿ. ಪುಡಿಗೆ ಸುಮಾರು 400 ಮಿ.ಲೀ. ನೀರು. ಗಟ್ಟಿಯಾಗತೊಡಗಿದ ಪುಟ್ಟಿಗೆ ಮತ್ತೆ ನೀರು ಬೆರೆಸಬೇಡಿ. ತೆಳುವಾಗಿ ಎರಡು ಕೈ ಎಳೆದು, ಒಣಗಿದ ಮೇಲೆ 180, ಆಮೇಲೆ 320 ನಂಬರಿನ ಸ್ಯಾಂಡ್ ಪೇಪರ್ ಹಿಡಿಯಿರಿ.

ಗೋಡೆ ಪೂರ್ತಿ ಒಣಗಿದರೂ ಹಳದಿ ಉಂಗುರ ಉಳಿಯಬಹುದು. ಎಮಲ್ಷನ್‌ನಲ್ಲಿರುವ ನೀರು ಆ ಕಲೆಯನ್ನು ಕರಗಿಸಿ ಮೇಲೆಳೆಯುವುದರಿಂದ ಮೂರು ಕೋಟ್ ಬಳಿದರೂ ಇಣುಕುತ್ತದೆ. ಕಿಟಕಿ ತೆರೆದಿಟ್ಟು, ಕಲೆಯ ಮೇಲಷ್ಟೇ ಸಾಲ್ವೆಂಟ್ ಬೇಸ್ ಪ್ರೈಮರ್ (ನೀರಿನ ಬದಲು ಥಿನ್ನರ್ ಬಳಸುವ ತಳಬಣ್ಣ) ಒಂದು ಕೋಟ್ ಕೊಡಿ. ಆಮೇಲೆ ಎಮಲ್ಷನ್ ಎರಡು ಕೋಟ್, ಮೂಲೆಯಿಂದ ಮೂಲೆಗೆ ಇಡೀ ಗೋಡೆಗೆ. ಕಲೆಗಷ್ಟೇ ಬಳಿದರೆ ತೇಪೆ ಎದ್ದು ಕಾಣುತ್ತದೆ.

ತಳಪಾಯದ ತೇವ ನಿಲ್ಲಿಸಲಾಗದ ಗೋಡೆಗೆ ಮಾತ್ರ ಈ ಪ್ರೈಮರ್ ಆಗಲಿ, ಆಯಿಲ್ ಪೇಂಟ್ ಆಗಲಿ ಬೇಡ. ಆವಿಗೆ ದಾರಿ ಮುಚ್ಚಿದರೆ ತೇವ ಇನ್ನೂ ಮೇಲೇರುತ್ತದೆ, ಪದರದ ಹಿಂದೆ ಉಪ್ಪು ಹರಳುಗಟ್ಟಿ ಗಾರೆಯನ್ನೇ ಒಡೆಯುತ್ತದೆ. ಹಳೆಯ ಬಣ್ಣ, ಪುಟ್ಟಿ ಎಲ್ಲ ಕೆರೆದು ತೆಗೆದು, ಅಲ್ಲಿಗೆ ಸುಣ್ಣವೇ ಸರಿ.