ಕಿನ್ನಾಳದ ಗರುಡನನ್ನು ಕೊರಿಯರ್‌ಗೆ ಹಾಕುವ ಮುನ್ನ

ಕೊಪ್ಪಳದ ಹತ್ತಿರ ಇರುವ ಕಿನ್ನಾಳದ ಗೊಂಬೆಗಳಲ್ಲಿ ಊರೂರಿಗೆ ಕಳಿಸಲು ಹೆಚ್ಚು ತಲೆನೋವು ಕೊಡುವವನು ಗರುಡ. ಕೈಕಾಲು ಮೈಗೆ ಅಂಟಿಕೊಂಡಿರುವ ಗೊಂಬೆಗಳು ಹೇಗೋ ತಲುಪುತ್ತವೆ. ಈತ ಮಾತ್ರ ಎರಡೂ ರೆಕ್ಕೆ ಚಾಚಿಕೊಂಡೇ ನಿಂತಿರುತ್ತಾನೆ.

ಇಲ್ಲಿನ ಚಿತ್ರಗಾರರು ಬಳಸುವುದು ಹಗುರವಾದ ಮರ. ಭಾಗಗಳನ್ನು ಬೇರೆ ಬೇರೆ ಕೆತ್ತಿ ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಪುಡಿ, ಮರದ ಹೊಟ್ಟು, ಅದೇ ಹುಣಸೆ ಅಂಟು ಸೇರಿಸಿದ ಕಿಟ್ಟವನ್ನು ಮೈತುಂಬ ಮೆತ್ತುತ್ತಾರೆ. ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಹಾಗಾಗಿ ಕೆಡುವ ಜಾಗ ಎರಡು: ಒಂದು ಕೂಡಿಸಿದ ಸಂದು, ಇನ್ನೊಂದು ಮೇಲಿನ ಲೇಪ. ಒಳಗಿನ ಮರಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಪ್ಯಾಕಿಂಗ್ ಅಂದ ಕೂಡಲೇ ನಮ್ಮ ಕೈ ಗಟ್ಟಿ ಡಬ್ಬಿ ಹುಡುಕುತ್ತದೆ. ಪ್ಲೈವುಡ್ ಪೆಟ್ಟಿಗೆ, ಅದಕ್ಕೆ ಮೊಳೆ, ಮೇಲೆ ನಾಲ್ಕು ಸುತ್ತು ಟೇಪ್. ಆದರೆ ಡಬ್ಬಿ ಬಿದ್ದಾಗ ಗೊಂಬೆ ಒಡೆಯುವುದು ಅದು ನಿಲ್ಲುವ ರೀತಿಯಿಂದ. ಎಷ್ಟು ದೂರದಲ್ಲಿ ನಿಲ್ಲುತ್ತದೆ ಅನ್ನುವುದೇ ಇಲ್ಲಿ ಮುಖ್ಯ ಲೆಕ್ಕ.

ಬಳ್ಳಾರಿಯಲ್ಲಿ ಕಟ್ಟಡದ ಕೆಲಸ ನಡೆಯುವ ಕಡೆ ಸ್ವಲ್ಪ ನಿಂತು ನೋಡಿ. ಕೆಳಗಿನವನು ಇಟ್ಟಿಗೆ ಎಸೆಯುತ್ತಾನೆ, ಮೇಲಿನವನು ಹಿಡಿಯುತ್ತಾನೆ. ಹಿಡಿಯುವಾಗ ಕೈಯನ್ನು ಇಟ್ಟಿಗೆಯ ಜೊತೆಗೇ ಒಂದಿಷ್ಟು ಹಿಂದಕ್ಕೆ ಒಯ್ಯುತ್ತಾನೆ. ಕೈ ಗಟ್ಟಿ ಹಿಡಿದು ನಿಂತರೆ ಬೆರಳು ಜಜ್ಜಿಹೋಗುತ್ತದೆ. ಡಬ್ಬಿಯೊಳಗಿನ ಮೆತ್ತೆ ಮಾಡುವುದೂ ಇಷ್ಟೇ ಕೆಲಸ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಪ್ಯಾಕಿಂಗ್ ಪರೀಕ್ಷೆಗೆ ‘ಇಸ್ಟಾ’ ಅನ್ನುವ ಅಂತಾರಾಷ್ಟ್ರೀಯ ಸಂಸ್ಥೆಯ ನಿಯಮಗಳಿವೆ. ಅವುಗಳಲ್ಲಿ ಸರಳವಾದ ಒಂದರಲ್ಲಿ ಹಗುರ ಡಬ್ಬಿಯನ್ನು 76 ಸೆಂಟಿಮೀಟರ್ ಎತ್ತರದಿಂದ 10 ಸಲ ಬೀಳಿಸುತ್ತಾರೆ: ಒಂದು ಮೂಲೆ, ಮೂರು ಅಂಚು, ಆರು ಮುಖಗಳ ಮೇಲೆ. ಭಾರದ ಡಬ್ಬಿಗೆ ಎತ್ತರ ಕಡಿಮೆ. ತಮಾಷೆ ಅನಿಸಬಹುದು, ಆದರೆ ಕಾರಣ ಇದೆ. ಭಾರದ್ದನ್ನು ಹಮಾಲರು ಹೊತ್ತು ಇಳಿಸುತ್ತಾರೆ, ಹಗುರದ್ದನ್ನು ಎಸೆಯುತ್ತಾರೆ, ಅಲ್ವಾ?

76 ಸೆಂಟಿಮೀಟರ್ ಬೀಳುವಷ್ಟರಲ್ಲಿ ವೇಗ ಗಂಟೆಗೆ ಸುಮಾರು 14 ಕಿಲೋಮೀಟರ್ ಆಗುತ್ತದೆ. ಗೊಂಬೆಯ ತೂಕ ಅರ್ಧ ಕಿಲೋ ಅಂದುಕೊಳ್ಳಿ. ತೆಳು ಬಟ್ಟೆ ಸುತ್ತಿ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಅದು ಎರಡು ಮಿಲಿಮೀಟರಿನಲ್ಲಿ ನಿಲ್ಲಬಹುದು. ಬಿದ್ದ ಎತ್ತರವನ್ನು ನಿಂತ ದೂರದಿಂದ ಭಾಗಿಸಿದರೆ 380 ಬರುತ್ತದೆ. ಅಂದರೆ ಆ ಕ್ಷಣಕ್ಕೆ ಗೊಂಬೆಯ ಪ್ರತಿ ಭಾಗವೂ ತನ್ನ ತೂಕದ ಸುಮಾರು 380 ಪಟ್ಟು ಭಾರ ತೂಗುತ್ತದೆ. ಅರ್ಧ ಕಿಲೋದ ಗೊಂಬೆಯ ಮೇಲೆ 190 ಕಿಲೋ ಹೇರಿದ ಹಾಗೆ! 20 ಗ್ರಾಮಿನ ರೆಕ್ಕೆ ಸಂದಿನಲ್ಲಿ ಏಳೂವರೆ ಕಿಲೋ ಜಗ್ಗುತ್ತದೆ.

ಈಗ ಸುತ್ತ ಐದು ಸೆಂಟಿಮೀಟರ್ ಮೆತ್ತೆ ಹಾಕಿ. ಮೆತ್ತೆ ಪೂರ್ತಿ ಕುಗ್ಗುವುದಿಲ್ಲ, ಅರ್ಧ ಕುಗ್ಗಿತು ಅನ್ನೋಣ. ಎರಡೂವರೆ ಸೆಂಟಿಮೀಟರಿನಲ್ಲಿ ನಿಂತರೆ 380 ಪಟ್ಟು ಹೋಗಿ ಸುಮಾರು 30 ಪಟ್ಟು ಆಗುತ್ತದೆ. ಗೊಂಬೆಗೆ 15 ಕಿಲೋ, ರೆಕ್ಕೆಗೆ 600 ಗ್ರಾಂ. ಅದೇ ನೆಲ, ಅದೇ ಎತ್ತರ.

ಮೆತ್ತೆ ತೀರಾ ಮೆತ್ತಗಿದ್ದರೂ ಕಷ್ಟ. ಹತ್ತಿ ತುಂಬಿದರೆ ಗೊಂಬೆ ಅದನ್ನು ಒತ್ತಿಕೊಂಡು ಸೀದಾ ತಳಕ್ಕೆ ಹೋಗಿ ಬಡಿಯುತ್ತದೆ. ತೀರಾ ಬಿರುಸಾದರೆ ಮೆತ್ತೆಯೇ ನೆಲವಾಗುತ್ತದೆ. ಸ್ಪ್ರಿಂಗಿನ ಹಾಗೆ ಪುಟಿಯುವುದೂ ಒಳ್ಳೆಯದಲ್ಲ, ಗೊಂಬೆ ಮೇಲೆ ಹಾರಿ ಮುಚ್ಚಳಕ್ಕೆ ತಾಗುತ್ತದೆ. ಏಟಿನ ಶಕ್ತಿಯನ್ನು ನುಂಗಿ ಸುಮ್ಮನಾಗುವ ವಸ್ತು ಬೇಕು. ಗಂಗಾವತಿ ಕಡೆ ಎಷ್ಟು ಬೇಕಾದರೂ ಸಿಗುವ ನೆಲ್ಲು ಹುಲ್ಲು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಅದರ ದಂಟು ಒಳಗೆ ಟೊಳ್ಳು. ಒತ್ತಿದರೆ ಚಪ್ಪಟೆಯಾಗುತ್ತದೆ, ಒಂದಕ್ಕೊಂದು ಉಜ್ಜುತ್ತದೆ, ಆ ಉಜ್ಜಾಟದಲ್ಲೇ ಶಕ್ತಿ ಕಳೆದುಹೋಗುತ್ತದೆ. ನನಗಂತೂ ಥರ್ಮಾಕೋಲ್ ತುಂಡುಗಳಿಗಿಂತ ಇದೇ ಮೇಲು ಅನಿಸುತ್ತದೆ. ಹುಲ್ಲು ಚೆನ್ನಾಗಿ ಒಣಗಿರಬೇಕು ಅಷ್ಟೆ. ತೇವ ಇದ್ದರೆ ಬೂಸ್ಟು ಬಣ್ಣಕ್ಕೂ ಹತ್ತುತ್ತದೆ.

ರೆಕ್ಕೆಯ ವಿಷಯಕ್ಕೆ ಬರೋಣ. ರೆಕ್ಕೆ ಒಂದು ಸನ್ನೆಕೋಲು. ತುದಿಯಲ್ಲಿ ಸ್ವಲ್ಪ ಒತ್ತಿದರೂ ಬುಡದ ಸಂದಿಗೆ ಅದು ಬಹಳ ದೊಡ್ಡದಾಗಿ ತಾಗುತ್ತದೆ. ಆದ್ದರಿಂದ ರೆಕ್ಕೆಯ ತುದಿ ಡಬ್ಬಿಯ ಗೋಡೆಗೆ ತಾಗಲೇಬಾರದು. ತಾಗಿದರೆ ಬಿದ್ದಾಗ ಇಡೀ ಮೈಯ ಭಾರ ಆ ತುದಿಯ ಮೇಲೆ ಬರುತ್ತದೆ. ಭಾರ ಇರುವುದು ಮೈಯಲ್ಲಿ, ಆಸರೆಯೂ ಮೈಗೇ ಸಿಗಬೇಕು. ಬೆನ್ನು, ಹೊಟ್ಟೆ, ಪೀಠದ ಸುತ್ತ ಮೆತ್ತೆಯನ್ನು ಬಿಗಿಯಾಗಿ ಕೊಡಿ. ರೆಕ್ಕೆಗೂ ಮೈಗೂ ನಡುವಿನ ಸಂದಿನಲ್ಲಿ ಮುದ್ದೆ ಮಾಡಿದ ಮೆತ್ತನೆ ಕಾಗದ ಸಡಿಲವಾಗಿ ತುಂಬಿ. ಅಲುಗಾಟ ನಿಂತರೆ ಸಾಕು, ಒತ್ತಬೇಡಿ. ಅಚ್ಚಾದ ಪೇಪರ್ ಬೇಡ, ಮಸಿ ಬಣ್ಣಕ್ಕೆ ಹತ್ತುತ್ತದೆ.

ಬೀಳುವುದು ಒಂದೆರಡು ಸಲ, ಕುಲುಕಾಟ ದಾರಿಯುದ್ದಕ್ಕೂ. ಅದಿರಿನ ಲಾರಿಗಳು ಓಡಾಡಿದ ರಸ್ತೆಯಲ್ಲಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಾರಿಯ ಹಾಸು ಸೆಕೆಂಡಿಗೆ ಕೆಲವು ಸಲ ಮೇಲೆ ಕೆಳಗೆ ಆಡುತ್ತದೆ. ಹುಲ್ಲು ಮೆಲ್ಲಗೆ ಕುಸಿಯುತ್ತದೆ, ಮೇಲೆ ಖಾಲಿ ಜಾಗವಾಗುತ್ತದೆ, ಗೊಂಬೆ ಆಡಲು ಶುರುಮಾಡುತ್ತದೆ. ಮುಚ್ಚಳವನ್ನು ಸ್ವಲ್ಪ ಒತ್ತಿ ಮುಚ್ಚಬೇಕಾಗುವಷ್ಟು ತುಂಬುವುದು ಇದಕ್ಕೇ. ಟೇಪ್ ಹಾಕಿದ ಮೇಲೆ ಡಬ್ಬಿ ಅಲ್ಲಾಡಿಸಿ ನೋಡಿ. ಒಳಗೆ ಸದ್ದು ಬಂದರೆ ಬಿಚ್ಚಿ ಇನ್ನಷ್ಟು ತುಂಬಿ.

ಗುಳ್ಳೆ ಪ್ಲಾಸ್ಟಿಕ್, ಅಂದರೆ ಬಬಲ್ ರ‍್ಯಾಪ್, 1957ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿತು. ಆಲ್ಫ್ರೆಡ್ ಫೀಲ್ಡಿಂಗ್ ಮತ್ತು ಮಾರ್ಕ್ ಶವಾನ್ ಮಾಡಲು ಹೊರಟಿದ್ದು ಗೋಡೆಗೆ ಅಂಟಿಸುವ ಉಬ್ಬು ಕಾಗದ! ಗೋಡೆಗೆ ಅದು ನಡೆಯಲಿಲ್ಲ. ಗಾಜಿಗೆ, ಪಿಂಗಾಣಿಗೆ ಅದು ಒಳ್ಳೆಯದೇ. ಬಣ್ಣದ ಗೊಂಬೆಗೆ ನೇರವಾಗಿ ಸುತ್ತಬೇಡಿ. ರಾಯಚೂರಿನ ಬೇಸಿಗೆಯಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ, ಮುಚ್ಚಿದ ಗಾಡಿಯೊಳಗೆ ಇನ್ನೂ ಜಾಸ್ತಿ. ಬಣ್ಣ ಮೆತ್ತಗಾಗಿ ಗುಳ್ಳೆಯ ಗುರುತು ಮೂಡಬಹುದು. ಒಳಗೆ ಮೊದಲು ಮೆತ್ತನೆಯ ಹತ್ತಿ ಬಟ್ಟೆ ಇರಲಿ.

ಹೊರಗಿನ ಡಬ್ಬಿಗೆ ಅಲೆಯಲೆಯಾದ ರಟ್ಟು ಸಾಕು. 1856ರಲ್ಲಿ ಇಂಗ್ಲೆಂಡಿನಲ್ಲಿ ಅಲೆಯ ಕಾಗದಕ್ಕೆ ಪೇಟೆಂಟ್ ಸಿಕ್ಕಿದ್ದು ಎತ್ತರದ ಹ್ಯಾಟಿನ ಒಳಪದರಕ್ಕಾಗಿ. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅದನ್ನು ಸೀಸೆ ಸುತ್ತಲು ಬಳಸಿದ. ಈ ಡಬ್ಬಿಯ ಮೇಲೆ ಇನ್ನೊಂದು ಹೇರಿದಾಗ ಹೆಚ್ಚಿನ ಭಾರ ಹೊರುವುದು ನಾಲ್ಕು ನಿಂತ ಮೂಲೆಗಳು. ಮೂಲೆ ನಜ್ಜಾಗಿರುವ ಹಳೆಯ ಡಬ್ಬಿ ಹೊರಗೆ ಚೆನ್ನಾಗಿ ಕಂಡರೂ ಬಳಸಬೇಡಿ. ಮಳೆಗಾಲದ ತೇವಕ್ಕೂ ರಟ್ಟು ಬಲ ಕಳೆದುಕೊಳ್ಳುತ್ತದೆ. ‘ಒಡೆಯುವ ವಸ್ತು, ಜೋಪಾನ’ ಅನ್ನುವ ಗಾಜಿನ ಲೋಟದ ಗುರುತು ಅಂಟಿಸಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ನಂಬಿ ಮೆತ್ತೆ ಕಡಿಮೆ ಮಾಡಬೇಡಿ.

ಹೊರದೇಶಕ್ಕೆ ಕಳಿಸುವವರಿಗೆ ಇನ್ನೊಂದು ಮಾತು. ಹುಲ್ಲಿನ ಜೊತೆ ಹುಳ, ಬೆಳೆಯ ರೋಗ ಬರುತ್ತದೆ ಎಂದು ಅಮೆರಿಕ, ಆಸ್ಟ್ರೇಲಿಯಾದಂಥ ದೇಶಗಳು ಅದನ್ನು ಗಡಿಯಲ್ಲೇ ತಡೆಯುತ್ತವೆ. ಗಟ್ಟಿ ಮರದ ಹಲಗೆಯ ಪೆಟ್ಟಿಗೆಯಾದರೆ ಹಲಗೆಯ ತಿರುಳಿನವರೆಗೂ 56 ಡಿಗ್ರಿ ಶಾಖವನ್ನು 30 ನಿಮಿಷ ಕೊಟ್ಟು ಮುದ್ರೆ ಒತ್ತಿರಬೇಕು, ಇಲ್ಲವೇ ಒಪ್ಪಿದ ಬೇರೆ ವಿಧಾನದಲ್ಲಿ ಹುಳ ಸಾಯಿಸಿರಬೇಕು. ಅಲ್ಲಿಗೆ ಹೋಗುವ ಗರುಡನಿಗೆ ರಟ್ಟಿನ ಡಬ್ಬಿ, ಕಾಗದದ ಚೂರೇ ಗತಿ.