ಥರ್ಮೋಸ್ಟಾಟ್ ಬೇಕೋ ಬೇಡವೋ: ಮತ್ತೆ ಬಂದ ಪ್ರಶ್ನೆ

ಪ್ರಶ್ನೆ: ಅಜ್ಜ ಓಡಿಸುತ್ತಿದ್ದ ಅಂಬಾಸಿಡರ್ ಮಾರ್ಕ್ 2 ಇಂಜಿನ್ ಬಿಚ್ಚಿ ಕಟ್ಟಿಸುತ್ತಿದ್ದೇನೆ. ಬೋರ್, ಪಿಸ್ಟನ್, ಬೇರಿಂಗ್ ಎಲ್ಲ ಆಯಿತು. ಥರ್ಮೋಸ್ಟಾಟ್ ಇರಬೇಕಾದ ಜಾಗ ಮಾತ್ರ ಖಾಲಿ. ‘ನಮ್ಮ ದೇಶದ ಸೆಖೆಗೆ ಅದು ಬೇಡ, ಇಲ್ಲದಿದ್ದರೇ ಇಂಜಿನ್ ತಣ್ಣಗಿರುತ್ತೆ’ ಅಂತಾರೆ ಮೇಸ್ತ್ರಿ. ಹಾಕಬೇಕಾ?
– ತೀರ್ಥಹಳ್ಳಿಯ ಓದುಗರೊಬ್ಬರು

ಹಾಕಬೇಕು. ಇದಕ್ಕೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕವಿಲ್ಲ. ಸಾಗರದಿಂದ ಬರುತ್ತದೆ, ಹೊಸನಗರದಿಂದ ಬರುತ್ತದೆ, ಶಿವಮೊಗ್ಗ ಪೇಟೆಯಿಂದಲೂ ಬರುತ್ತದೆ. ಪ್ರತಿ ಸಲವೂ ಬೆನ್ನಿಗೆ ಅದೇ ‘ನಮ್ಮ ದೇಶದ ಸೆಖೆ’. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಹುಯ್ಯುವ ಆಗುಂಬೆ ನಿಮ್ಮ ತಾಲ್ಲೂಕಿನಲ್ಲೇ ಇದೆ. ಸೆಖೆಯ ಮಾತು ಇಲ್ಲಿಗೆ ಹೊಂದುವುದೇ ಇಲ್ಲ. ಹಾಗಂತ ರಾಯಚೂರಿನವರು ಕೇಳಿದ್ದರೂ ನನ್ನ ಉತ್ತರ ಬದಲಾಗುತ್ತಿರಲಿಲ್ಲ. ಹೊರಗೆ 42 ಡಿಗ್ರಿ ಬಿಸಿಲಿದ್ದರೂ ಇಂಜಿನ್ನಿಗೆ ಅದು ತಣ್ಣಗಿನ ಗಾಳಿಯೇ. ಅದರ ನೀರು 80ರ ಆಸುಪಾಸಿಗೆ ಬಂದರೆ ಮಾತ್ರ ಅದು ಸರಿಯಾಗಿ ಉಸಿರಾಡುತ್ತದೆ.

ಇಂಜಿನ್ ತೀರಾ ಬಿಸಿಯಾಗದಂತೆ ನೋಡಿಕೊಳ್ಳುವುದು ರೇಡಿಯೇಟರ್. ತೀರಾ ತಣ್ಣಗಾಗದಂತೆ ನೋಡಿಕೊಳ್ಳುವುದು ಥರ್ಮೋಸ್ಟಾಟ್. ನೀರು ಕಾಯುವವರೆಗೆ ಅದು ರೇಡಿಯೇಟರಿನ ದಾರಿ ಮುಚ್ಚಿರುತ್ತದೆ, ಕಾದ ಮೇಲೆ ತೆರೆಯುತ್ತದೆ. ಪೂರ್ತಿ ತೆರೆದ ಮೇಲೆ ಅದರ ಕೆಲಸ ಮುಗಿಯಿತು. ಇಂಜಿನ್ ಹೀಟ್ ಆಗುವುದಕ್ಕೂ ಸರಿಯಿರುವ ಥರ್ಮೋಸ್ಟಾಟಿಗೂ ಸಂಬಂಧವಿಲ್ಲ.

‘ತಣ್ಣಗಿದ್ದರೆ ಒಳ್ಳೆಯದಲ್ಲವಾ’ ಎಂಬುದೇ ದೊಡ್ಡ ತಪ್ಪು. ತಣ್ಣನೆಯ ಇಂಜಿನ್ನಿನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗದೆ ಹನಿಯಾಗಿಯೇ ಉಳಿದು, ಪಿಸ್ಟನ್ ಓಡಾಡುವ ಬೋರಿನ ಗೋಡೆಗೆ ಹತ್ತಿದ ಆಯಿಲನ್ನು ತೊಳೆದುಬಿಡುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರೂ ಹುಟ್ಟುತ್ತದೆ. ಬಿಸಿ ಇಂಜಿನ್ನಿನಲ್ಲಿ ಅದು ಹಬೆಯಾಗಿ ಸೈಲೆನ್ಸರಿನಿಂದ ಹೋಗುತ್ತದೆ. ತಣ್ಣಗಿದ್ದರೆ ಗೋಡೆಯ ಮೇಲೆ ಬೆವರಿನಂತೆ ಕೂತು, ಹೊಗೆಯ ಆಮ್ಲದ ಜೊತೆ ಸೇರಿ ಕಬ್ಬಿಣವನ್ನು ತಿನ್ನುತ್ತದೆ. ಬೋರ್ ಸವೆಯುವುದಕ್ಕೆ ಉಜ್ಜಾಟಕ್ಕಿಂತ ಈ ತಿನ್ನುವಿಕೆಯೇ ದೊಡ್ಡ ಕಾರಣವೆಂದು ಬ್ರಿಟನ್ನಿನ ಇಂಜಿನಿಯರುಗಳು 1930ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ. ನೀವು ಈಗಷ್ಟೇ ದುಡ್ಡು ಸುರಿದು ಮಾಡಿಸಿದ್ದು ಅದೇ ಬೋರ್.

ನಂಬಿಕೆ ಬಾರದಿದ್ದರೆ ಥರ್ಮೋಸ್ಟಾಟ್ ಕಿತ್ತ ಯಾವುದಾದರೂ ಹಳೇ ಗಾಡಿಯ ಆಯಿಲ್ ಮುಚ್ಚಳವನ್ನು ಮಳೆಗಾಲದ ಬೆಳಗ್ಗೆ ಬಿಚ್ಚಿ ನೋಡಿ. ಒಳಮೈಗೆ ಕಾಫಿ ಬಣ್ಣದ ಬೆಣ್ಣೆ ಮೆತ್ತಿದ ಹಾಗಿರುತ್ತದೆ, ಬೆರಳಲ್ಲಿ ಬಾಚಿದರೆ ಜಾರುತ್ತದೆ. ಆಯಿಲಿಗೆ ನೀರು ಸೇರಿ ಹುಟ್ಟಿದ ಕೆಸರು ಅದು. ಆಯಿಲಿಗೆ ನೀರು ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಹೆದರಿ ಹೆಡ್ ಬಿಚ್ಚಿಸಿದವರನ್ನೂ ಕಂಡಿದ್ದೇನೆ. ಇನ್ನು ಆಗುಂಬೆ ಘಾಟಿಯ 14 ತಿರುವು ಇಳಿಯುವುದನ್ನು ಯೋಚಿಸಿ. ಆಕ್ಸಿಲರೇಟರ್ ಮೇಲೆ ಕಾಲಿಲ್ಲ, ಇಂಜಿನ್ನಿನಲ್ಲಿ ಬೆಂಕಿ ಹೆಸರಿಗಷ್ಟೇ, ಎದುರಿನಿಂದ ಮಳೆಗಾಳಿ. ತಡೆಯುವುದೇನೂ ಇಲ್ಲದಿದ್ದರೆ ಸೋಮೇಶ್ವರ ಮುಟ್ಟುವಷ್ಟರಲ್ಲಿ ಹೀಟ್ ಮೀಟರಿನ ಮುಳ್ಳು ತಳ ಹಿಡಿದಿರುತ್ತದೆ.

ಮೇಸ್ತ್ರಿ ಸುಳ್ಳು ಹೇಳುತ್ತಿಲ್ಲ, ಅವರ ಅನುಭವದಲ್ಲಿ ಒಂದು ಪಾಲು ನಿಜವಿದೆ. ಮೇಣ ತುಂಬಿದ ಥರ್ಮೋಸ್ಟಾಟ್ ಕೆಟ್ಟರೆ ಹೆಚ್ಚಾಗಿ ಮುಚ್ಚಿಕೊಂಡೇ ಕೆಡುತ್ತದೆ, ನೀರು ಕುದಿಯುತ್ತದೆ. ಅದಕ್ಕೂ ಹಿಂದಿನ ಹಿತ್ತಾಳೆಯ ಬೆಲ್ಲೋಸ್ (ಹಿಗ್ಗಿ ಕುಗ್ಗುವ ಸುಕ್ಕುಸುಕ್ಕು ಡಬ್ಬಿ) ನಮೂನೆ ತೂತಾದರೆ ತೆರೆದೇ ಉಳಿಯುತ್ತಿತ್ತು. ಸಿಕ್ಕಿಕೊಂಡದ್ದನ್ನು ಕಿತ್ತೆಸೆದರೆ ಹೀಟ್ ನಿಲ್ಲುವುದು ಸಹಜ. ಆದರೆ ಕಿತ್ತ ಜಾಗಕ್ಕೆ ಹೊಸದನ್ನು ಹಾಕದೆ ಬಿಡುವುದು, ರಾಟೆ ಕಿರುಗುಟ್ಟಿತೆಂದು ರಾಟೆ ತೆಗೆದು, ಹಗ್ಗವನ್ನು ಬಾವಿಕಟ್ಟೆಗೆ ಉಜ್ಜುತ್ತ ನೀರು ಸೇದಿದ ಹಾಗೆ. ಅದಕ್ಕಿಂತ ಕೆಟ್ಟದ್ದು, ರೇಡಿಯೇಟರ್ ಕೊಳವೆ ಕಟ್ಟಿದ್ದರೂ, ಫ್ಯಾನ್ ಬೆಲ್ಟ್ ಸಡಿಲವಾಗಿದ್ದರೂ, ಕಿಡಿ ಹಾರುವ ಟೈಮಿಂಗ್ ಹಿಂದೆ ಬಿದ್ದಿದ್ದರೂ ಥರ್ಮೋಸ್ಟಾಟನ್ನೇ ಬೈದು ಕೀಳುವುದು. ರೋಗ ಒಳಗೇ ಉಳಿಯಿತು. ಕೆಲವು ಇಂಜಿನ್‌ಗಳಲ್ಲಂತೂ ರೇಡಿಯೇಟರ್ ತಪ್ಪಿಸಿ ನೀರು ಒಳಗೇ ಸುತ್ತುವ ಬೈಪಾಸ್ ದಾರಿಯನ್ನು ಮುಚ್ಚುವುದೂ ಥರ್ಮೋಸ್ಟಾಟೇ. ಅಂಥದ್ದರಲ್ಲಿ ಅದನ್ನು ಕಿತ್ತರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತಿ ಹೀಟ್ ಇನ್ನೂ ಜಾಸ್ತಿಯಾಗುತ್ತದೆ.

ಅದೇ ನಂಬರಿನದು ಸಿಗದಿದ್ದರೆ ಕೊರಗಬೇಡಿ. ಹೆಡ್ಡಿನ ಮುಂದಿನ ಮುಚ್ಚಳ ಬಿಚ್ಚಿ, ಥರ್ಮೋಸ್ಟಾಟ್ ಕೂರುವ ಮೆಟ್ಟಿಲಿನ ಅಗಲವನ್ನೂ ಆಳವನ್ನೂ ವರ್ನಿಯರಿನಲ್ಲಿ ಅಳೆದು, ಆ ಅಳತೆಯ, 82 ಡಿಗ್ರಿಗೆ ತೆರೆಯುವುದನ್ನು ತನ್ನಿ. ಸ್ಪ್ರಿಂಗ್ ಇರುವ ಕಡೆ ಇಂಜಿನ್ನಿನತ್ತ ಇರಬೇಕು. ಥರ್ಮೋಸ್ಟಾಟಿನ ಚಕ್ರದಲ್ಲಿ ಗಾಳಿ ಹೋಗುವ ಸಣ್ಣ ತೂತು ಇಲ್ಲದಿದ್ದರೆ 3 ಮಿಲಿಮೀಟರಿನದೊಂದು ಕೊರೆಸಿ.

ಕೂರಿಸುವ ಮುಂಚೆ ಪರೀಕ್ಷೆ ಮಾಡಿ. ತಣ್ಣಗಿರುವಾಗ ಬಾಯಿಯನ್ನು ಸ್ವಲ್ಪ ಒತ್ತಿ ತೆರೆದು ಒಂದು ದಾರ ಸಿಕ್ಕಿಸಿ, ಆ ದಾರದಲ್ಲೇ ಅದನ್ನು ನೀರಿನ ಪಾತ್ರೆಯೊಳಗೆ ಇಳಿಬಿಡಿ. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ, ತಳಕ್ಕೆ ತಾಗಬಾರದು. ನೀರು ಕಾಯುತ್ತ ಬಂದಂತೆ ಒಂದು ಗಳಿಗೆಯಲ್ಲಿ ಬಾಯಿ ಬಿಟ್ಟು ದಾರ ಜಾರಿ, ಥರ್ಮೋಸ್ಟಾಟ್ ಟಣ್ ಎಂದು ತಳಕ್ಕೆ ಬೀಳುತ್ತದೆ. ಆ ಸದ್ದಾದಾಗಿನ ಡಿಗ್ರಿಯೇ ಅದು ತೆರೆದುಕೊಳ್ಳುವ ಡಿಗ್ರಿ. ನಮ್ಮ ಎತ್ತರದಲ್ಲಿ ನೀರು 98ರ ಹತ್ತಿರ ಕುದಿಯುವುದರಿಂದ 88ರದ್ದನ್ನೂ ಹೀಗೇ ನೋಡಬಹುದು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಕಟ್ಟಿದ ಇಂಜಿನ್ನಿಗೆ ಯಾವ ನೀರು ಹಾಕುತ್ತೀರಿ? ಬೋರ್‌ವೆಲ್ಲಿನದು ಬೇಡ. ಬಚ್ಚಲ ಹಂಡೆಯೊಳಗೆ ಕಟ್ಟುವ ಬಿಳಿ ಚಕ್ಕೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಹಳ್ಳದ್ದು ಮಳೆಗಾಲದಲ್ಲಿ ಬರೀ ರಾಡಿ. ಮಳೆನೀರಿನಲ್ಲಿ ಲವಣ ತೀರಾ ಕಡಿಮೆ, ನಮಗೆ ಅದಕ್ಕೆ ಬರವೂ ಇಲ್ಲ. ಆದರೆ ಸೂರಿನಿಂದ ಬೀಳುವುದನ್ನು ಹಿಡಿಯಬೇಡಿ, ಹೆಂಚಿನ ಪಾಚಿಯೆಲ್ಲ ಅದರಲ್ಲಿರುತ್ತದೆ. ಮಳೆ ಹಿಡಿದು ಅರ್ಧ ಗಂಟೆಯಾದ ಮೇಲೆ ಅಂಗಳದ ನಡುವೆ ಅಗಲ ಬಾಯಿಯ ಸ್ಟೀಲ್ ಪಾತ್ರೆ ಇಟ್ಟು ಹಿಡಿದು, ಬಟ್ಟೆಯಲ್ಲಿ ಸೋಸಿ. ಬರೀ ನೀರು ಕಬ್ಬಿಣಕ್ಕೆ ತುಕ್ಕು ತರುತ್ತದೆ. ಹಿತ್ತಾಳೆ ರೇಡಿಯೇಟರಿಗೆ ಒಗ್ಗುವ ಕೂಲಂಟನ್ನು ಕೇಳಿ ತಂದು, ಡಬ್ಬಿಯ ಮೇಲಿನ ಅಳತೆಯಂತೆ ಬೆರೆಸಿಯೇ ತುಂಬಿ.