ಶತ್ರು ನೆಲದಲ್ಲಿ ಬಿದ್ದ ಪೈಲಟ್‌ನನ್ನು ಕರೆತರುವುದು ಹೇಗೆ?

1944ರ ಏಪ್ರಿಲ್, ಬರ್ಮಾ. ಜಪಾನಿ ಪಡೆಗಳ ನಡುವೆ ಸಿಕ್ಕಿಬಿದ್ದ ಒಬ್ಬ ಪೈಲಟ್ ಮತ್ತು ಮೂವರು ಬ್ರಿಟಿಷ್ ಗಾಯಾಳುಗಳನ್ನು ಅಮೆರಿಕದ ಕಾರ್ಟರ್ ಹಾರ್ಮನ್ ಹೆಲಿಕಾಪ್ಟರ್‌ನಲ್ಲಿ ಹೊರತಂದರು. ಅವರ ಸಿಕೋರ್ಸ್ಕಿ ವೈಆರ್-4ಬಿಯಲ್ಲಿ ಚಾಲಕನ ಜೊತೆ ಇನ್ನೊಬ್ಬರಿಗಷ್ಟೇ ಜಾಗ. ಸೆಕೆಗೆ ಎಂಜಿನ್ ಕಾದು ಸೋಲುತ್ತಿತ್ತು. ಹೀಗಾಗಿ ಒಬ್ಬೊಬ್ಬರನ್ನೇ ಸಾಗಿಸಬೇಕಾಯಿತು.

ವಿಯೆಟ್ನಾಂ ಯುದ್ಧದ ಹೊತ್ತಿಗೆ ಯಂತ್ರದ ಬಲ ಸಮಸ್ಯೆಯಾಗಿ ಉಳಿದಿರಲಿಲ್ಲ. ಎಚ್‌ಎಚ್-53 ಹೆಲಿಕಾಪ್ಟರ್ ಹಾರುತ್ತಲೇ ಇಂಧನ ತುಂಬಿಸಿಕೊಳ್ಳುತ್ತಿತ್ತು. 'ಸ್ಯಾಂಡಿ' ಎಂದು ಕರೆಯುತ್ತಿದ್ದ ಎ-1 ವಿಮಾನಗಳು ಮೊದಲು ಕೆಳಮಟ್ಟದಲ್ಲಿ ಹಾರಿ, ಗುಂಡು ಎಲ್ಲಿಂದ ಬರುತ್ತದೆ ಎಂದು ನೋಡಿ ಅಲ್ಲಿಗೆ ದಾಳಿ ಮಾಡುತ್ತಿದ್ದವು. ಆಮೇಲೆ ಮರಗಳ ಚಪ್ಪರ ಸೀಳಿಕೊಂಡು 'ಜಂಗಲ್ ಪೆನೆಟ್ರೇಟರ್', ಅಂದರೆ ಹೆಲಿಕಾಪ್ಟರ್‌ನ ಹಗ್ಗದ ತುದಿಗೆ ಕಟ್ಟಿದ ಮಡಚುವ ಆಸನಗಳ ಭಾರದ ಸಲಕರಣೆ, ಇಳಿಯುತ್ತಿತ್ತು. ಅದು ನೆಲ ಮುಟ್ಟುವ ತನಕ ಕೈ ಹಾಕಬಾರದು, ಹೆಲಿಕಾಪ್ಟರ್‌ನಲ್ಲಿ ಕೂಡಿಕೊಂಡ ಸ್ಥಿರ ವಿದ್ಯುತ್ ಶಾಕ್ ಹೊಡೆಯುತ್ತದೆ. ಮಡಚಿದ ಆಸನ ಬಿಚ್ಚಿ, ಪಟ್ಟಿಯನ್ನು ಕಂಕುಳಡಿ ಬಿಗಿದು, ಕೂತ ಮೇಲೆ ಸನ್ನೆ ಮಾಡಬೇಕು. ಅಷ್ಟು ಹೊತ್ತೂ ಹೆಲಿಕಾಪ್ಟರ್ ಕದಲುವಂತಿಲ್ಲ. ಅತಿ ದೊಡ್ಡ ಅಪಾಯ ಇರುವುದೇ ಅಲ್ಲಿ.

ಆ ವ್ಯವಸ್ಥೆಯ ಮಿತಿ ಬಯಲಾದದ್ದು 1972ರಲ್ಲಿ. ಏಪ್ರಿಲ್ 2ರಂದು ಬಿದ್ದ ಅಮೆರಿಕದ ವಾಯುಪಡೆ ಅಧಿಕಾರಿ ಐಸಿಯಲ್ ಹ್ಯಾಂಬಲ್ಟನ್‌ರನ್ನು ಎತ್ತಲು ಹೋದ ಎಚ್‌ಎಚ್-53 ಏಪ್ರಿಲ್ 6ರಂದು ಉರುಳಿ ಆರು ಮಂದಿ ಸತ್ತರು. ಕೊನೆಗೆ ಅವರಿಗೆ ನೆನಪಿದ್ದ ಗಾಲ್ಫ್ ಮೈದಾನಗಳ ಅಳತೆಯನ್ನೇ ಗುಟ್ಟಿನ ಭಾಷೆ ಮಾಡಿ ರೇಡಿಯೋದಲ್ಲಿ ನದಿಯ ದಾರಿ ಹೇಳಲಾಯಿತು. ಅಮೆರಿಕದ ನೌಕಾಪಡೆಯ ಕಮಾಂಡೊ ಥಾಮಸ್ ನಾರಿಸ್ ಮತ್ತು ದಕ್ಷಿಣ ವಿಯೆಟ್ನಾಮಿನ ನೌಕಾಪಡೆಯ ನ್ಗುಯೆನ್ ವಾನ್ ಕೀಟ್ ದೋಣಿಯಲ್ಲಿ ಅವರನ್ನು ಕರೆತಂದರು. ಒಬ್ಬರ ಜೀವಕ್ಕೆ ಎಷ್ಟು ಜೀವ ಪಣಕ್ಕಿಡಬಹುದು ಎಂಬ ಪ್ರಶ್ನೆಗೆ ಇಂದಿಗೂ ನೇರ ಉತ್ತರವಿಲ್ಲ.

1991ರ ಗಲ್ಫ್ ಯುದ್ಧದಲ್ಲಿ ತೊಡಕು ರೇಡಿಯೋಗೆ ಬಂತು. ಪೈಲಟ್‌ಗಳ ಬಳಿಯಿದ್ದ ಹಳೆಯ ಪಿಆರ್‌ಸಿ-90 ರೇಡಿಯೋದಲ್ಲಿ ಮಾತಾಡಿದರೆ ಶತ್ರುವೂ ಕೇಳಿಸಿಕೊಂಡು ದಿಕ್ಕು ಹಿಡಿಯಬಹುದಿತ್ತು. ನಂತರದ ಸೀಸೆಲ್ ರೇಡಿಯೋ, ಜಿಪಿಎಸ್ ತೋರಿಸುವ ಸ್ಥಳವನ್ನು ಗೂಢಲಿಪಿಯ ಕಿರು ಸಂದೇಶವಾಗಿ ಉಪಗ್ರಹಕ್ಕೆ ಕಳಿಸುತ್ತದೆ. ಗುರುತು ಖಚಿತಪಡಿಸುವ ಪದ್ಧತಿ ಮಾತ್ರ ಹಳೆಯದೇ: ಪೈಲಟ್ ಮೊದಲೇ ಬರೆದುಕೊಟ್ಟ ನಾಲ್ಕಂಕಿಯ ಸಂಖ್ಯೆಯನ್ನು ಪೂರ್ತಿ ಕೇಳುವುದಿಲ್ಲ, 'ಮೊದಲನೆಯದು, ಮೂರನೆಯದು ಕೂಡಿಸಿ ಹೇಳು' ಎನ್ನುತ್ತಾರೆ. ಪೂರ್ತಿ ಹೇಳಿಬಿಟ್ಟರೆ ಮುಂದಿನ ಸಲ ಶತ್ರುವೇ ಅದನ್ನು ಬಳಸಿ ಹೆಲಿಕಾಪ್ಟರ್‌ಗೆ ಬಲೆ ಬೀಸಬಹುದು.

ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಹಗುರ ಯುದ್ಧ ಹೆಲಿಕಾಪ್ಟರ್ 'ಪ್ರಚಂಡ'ದ ಘೋಷಿತ ಕೆಲಸಗಳಲ್ಲಿ ಈ ಯುದ್ಧಕಾಲದ ಶೋಧ-ರಕ್ಷಣೆಯೂ ಇದೆ. 20 ಮಿ.ಮೀ. ಗನ್, 70 ಮಿ.ಮೀ. ರಾಕೆಟ್‌ ಹೊತ್ತ ಅದಕ್ಕೆ ಒಪ್ಪುವುದು ಹಳೆಯ ಸ್ಯಾಂಡಿಗಳ ಬೆಂಗಾವಲು ಪಾತ್ರ. ಆದರೆ ನೂರಾರು ಕಿ.ಮೀ. ದೂರ ಹೊಡೆಯುವ ಕ್ಷಿಪಣಿಗಳಿರುವ ಕಡೆ ಯಾವ ಹೆಲಿಕಾಪ್ಟರ್‌ಗೂ ಒಳನುಗ್ಗುವುದು ಕಷ್ಟ. ಆಗ ಬಿದ್ದವನು ದಿನಗಟ್ಟಲೆ ಅಡಗಿರಬೇಕು. ಬ್ಯಾಟರಿ ಉಳಿಸಲು ನಿಗದಿತ ಹೊತ್ತಿಗಷ್ಟೇ ರೇಡಿಯೋ ಹಾಕಿ, ಮಾತು ಮುಗಿದೊಡನೆ ಸಾಧ್ಯವಾದರೆ ಜಾಗ ಬದಲಿಸಬೇಕು.